ಕಿಟ್ಟದ ಗುಡ್ಡಗಳ ಲೆಕ್ಕವಿಟ್ಟ ಡಾ. ಕೋಲ್ಟನ್

ಗುಡ್ಡವೊಂದನ್ನು ಅಗೆದು ಲಾರಿಗೆ ತುಂಬಿದರೆ ಎಷ್ಟು ಹಣ ಬರುತ್ತದೆಂದು ಲೆಕ್ಕ ಹಾಕುವುದು ಸುಲಭ. ಅಗೆಯದೆ ಬಿಟ್ಟರೆ ಏನು ಉಳಿಯುತ್ತದೆಂದು ಲೆಕ್ಕ ಹಾಕುವವರು ಕಡಮೆ. ಮುರಕಲ್ಲಿನ ಕೋರೆಗಳ ನಡುವೆ ಬಾಳುವ ನಮಗೆ ಇದು ತಿಳಿಯದ ಮಾತಲ್ಲ. ಅಮೆರಿಕಾದ ಅರಿಜೋನಾ ರಾಜ್ಯದಲ್ಲಿ ಈ ಎರಡನೆಯ ಲೆಕ್ಕವನ್ನು ಜೀವನವಿಡೀ ಬರೆದಿಟ್ಟ ವಿದ್ವಾಂಸರೊಬ್ಬರಿದ್ದರು. ಅವರೇ ಡಾ. ಹೆರಾಲ್ಡ್ ಸೆಲ್ಲರ್ಸ್ ಕೋಲ್ಟನ್. ಅವರ ಬಾಳಿನ ಕಿರುಪರಿಚಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕೋಲ್ಟನ್ ಜನಿಸಿದುದು 1881ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ. ಅವರು ಕಲಿತದ್ದು ಪ್ರಾಣಿಶಾಸ್ತ್ರ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ 1908ರಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದರು. 1912ರಲ್ಲಿ ಚಿತ್ರಕಲಾವಿದೆ ಮೇರಿ ರಸೆಲ್ ಫೆರೆಲ್ ಅವರನ್ನು ವಿವಾಹವಾದರು. ಅದೇ ವರ್ಷ ದಂಪತಿಗಳು ಪಶ್ಚಿಮದತ್ತ ಪ್ರವಾಸ ಹೊರಟು ಅರಿಜೋನಾದ ಫ್ಲಾಗ್‌ಸ್ಟಾಫ್ ಎಂಬ ಪಟ್ಟಣವನ್ನು ಕಂಡರು. ಆ ನಾಡು ಇಬ್ಬರ ಮನಸ್ಸನ್ನೂ ಹಿಡಿದಿಟ್ಟಿತು. ಬೇಸಿಗೆಯ ರಜೆಗಳಲ್ಲಿ ಮತ್ತೆ ಮತ್ತೆ ಬಂದು, ಕೊನೆಗೆ 1926ರಲ್ಲಿ ಪ್ರಾಧ್ಯಾಪಕ ವೃತ್ತಿಯನ್ನು ಬಿಟ್ಟು ಅಲ್ಲಿಯೇ ನೆಲಸಿದರು.

ಆ ನಾಡಿನ ನೆಲವನ್ನು ಸ್ವಲ್ಪ ವಿವರಿಸಬೇಕು. ಫ್ಲಾಗ್‌ಸ್ಟಾಫ್ ಸುತ್ತ ಸುಮಾರು 1,800 ಚದರ ಮೈಲು ಪ್ರದೇಶದಲ್ಲಿ ಆರುನೂರರಷ್ಟು ಜ್ವಾಲಾಮುಖಿಗಳಿವೆ. ಹೆಚ್ಚಿನವು ಎಂದೋ ಆರಿದವು. ಪಟ್ಟಣದ ಬಳಿ ಪೈನ್ ಮರಗಳ ಕಾಡಿದೆ. ಈಶಾನ್ಯಕ್ಕೆ ಇಳಿಯುತ್ತ ಹೋದಂತೆ ಕಾಡು ಮುಗಿದು ಮರುಭೂಮಿ ತೊಡಗುತ್ತದೆ. ಅಲ್ಲಿ ವರ್ಷದ ಮಳೆ ಎಂಟು ಅಂಗುಲದ ಆಸುಪಾಸು. ಆಟಿ ತಿಂಗಳಲ್ಲಿ ಎರಡು ದಿನ ಬಿಡದೆ ಸುರಿದರೆ ನಮ್ಮಲ್ಲಿ ಬೀಳುವಷ್ಟು!

ಈ ಜ್ವಾಲಾಮುಖಿಗಳಲ್ಲಿ ಬಹುಪಾಲು ಕಿಟ್ಟದ ಗುಡ್ಡಗಳು. ನೆಲದಾಳದಿಂದ ಮೇಲೇರುವ ಕರಗಿದ ಶಿಲೆಯಲ್ಲಿ ಅನಿಲ ತುಂಬಿಕೊಂಡಿದ್ದರೆ ಅದು ಕಾರಂಜಿಯಂತೆ ಚಿಮ್ಮುತ್ತದೆ. ತುಣುಕುಗಳು ಗಾಳಿಯಲ್ಲೇ ಆರಿ, ಮೈಯೆಲ್ಲ ತೂತುಗಳಾಗಿ, ಕಮ್ಮಾರನ ಕುಲುಮೆಯ ಕಿಟ್ಟದಂತೆ ಬಾಯಿಯ ಸುತ್ತಲೂ ಬಿದ್ದು ರಾಶಿಯಾಗುತ್ತವೆ. ಅಂಗಳದಲ್ಲಿ ಸುರಿದ ಭತ್ತದ ರಾಶಿಯಂತೆ ಗುಡ್ಡವೇಳುತ್ತದೆ. ನೆತ್ತಿಯಲ್ಲಿ ಬಟ್ಟಲಿನಂಥ ಕುಳಿ ಉಳಿಯುತ್ತದೆ. ಕಬ್ಬಿಣದ ಅಂಶ ಬಿಸಿಯಾಗಿರುವಾಗಲೇ ತುಕ್ಕು ಹಿಡಿದಲ್ಲಿ ಕಿಟ್ಟ ಕೆಂಪಾಗುತ್ತದೆ, ಇಲ್ಲವಾದಲ್ಲಿ ಕಪ್ಪಾಗಿಯೇ ಇರುತ್ತದೆ.

ಇಂಥ ಗುಡ್ಡದಲ್ಲಿ ಚಿನ್ನ ಬೆಳ್ಳಿಗಳನ್ನು ಹುಡುಕಿ ಪ್ರಯೋಜನವಿಲ್ಲ. ಬೆಲೆ ಇರುವುದು ಕಿಟ್ಟಕ್ಕೇ. ಅದು ಹಗುರ, ನೀರು ನಿಲ್ಲಗೊಡದು, ಮದ್ದಿಟ್ಟು ಸಿಡಿಸುವ ಅಗತ್ಯವೂ ಇಲ್ಲ. ಯಂತ್ರದಿಂದ ಬಾಚಿ ತುಂಬಿದರಾಯಿತು. ರಸ್ತೆಗೆ ಹಾಸಲು, ಹಗುರವಾದ ಸಿಮೆಂಟು ಇಟ್ಟಿಗೆಗೆ, ಹಿಮ ಬಿದ್ದ ರಸ್ತೆಯಲ್ಲಿ ಚಕ್ರ ಜಾರದಂತೆ ಚೆಲ್ಲಲು ಅದು ಬೇಕು. ಆದರೆ ಅಗ್ಗದ ಸರಕಾದ್ದರಿಂದ ದೂರ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಆದುದರಿಂದ ಊರಿಗೂ ರಸ್ತೆಗೂ ಹತ್ತಿರವಿರುವ ಗುಡ್ಡಕ್ಕೇ ಮೊದಲ ಅಪಾಯ.

ಇಲ್ಲಿನ ಅತ್ಯಂತ ಎಳೆಯ ಗುಡ್ಡ ಸನ್‌ಸೆಟ್ ಕ್ರೇಟರ್. ಸುಮಾರು ಸಾವಿರ ಅಡಿ ಎತ್ತರ. ನೆತ್ತಿಯ ಕೆಂಪು ಹಳದಿ ಬಣ್ಣಗಳಿಂದಾಗಿ ಸೂರ್ಯಾಸ್ತದ ಹೆಸರು ಬಂತು. 1928ರಲ್ಲಿ ಹಾಲಿವುಡ್ಡಿನ ಚಿತ್ರ ತಯಾರಕರು, ಜೇನ್ ಗ್ರೇ ಕಾದಂಬರಿಯನ್ನು ಆಧರಿಸಿದ ಚಿತ್ರವೊಂದರಲ್ಲಿ ಬೆಟ್ಟ ಕುಸಿಯುವ ದೃಶ್ಯಕ್ಕಾಗಿ ಇದರ ಮೈಗೆ ಸಿಡಿಮದ್ದಿಡಲು ಹೊರಟರು. ಕೆಲವು ನಿಮಿಷಗಳ ನೋಟಕ್ಕಾಗಿ ಗುಡ್ಡವೊಂದರ ಬಲಿ! ಕೋಲ್ಟನ್ ಸುಮ್ಮನಿರಲಿಲ್ಲ. ಊರವರನ್ನು ಕೂಡಿಸಿಕೊಂಡು ಪ್ರತಿಭಟನೆಯ ಮುಂದಾಳಾದರು. ಸ್ಫೋಟ ನಡೆಯಲಿಲ್ಲ. 1930ರ ಮೇ 26ರಂದು ಅಧ್ಯಕ್ಷ ಹೂವರ್ ಆ ಗುಡ್ಡವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ಉಳಿದ ಗುಡ್ಡ ಏನನ್ನು ಕೊಟ್ಟಿತು? ಅದೇ 1930ರಲ್ಲಿ ಕೋಲ್ಟನ್ನರ ಸಂಗ್ರಹಾಲಯದ ತಂಡಕ್ಕೆ ಬೂದಿಯ ಪದರದಡಿ ಹೂತುಹೋದ ಹಳೆಯ ನೆಲಗುಳಿ ಮನೆಗಳು ದೊರೆತವು. ಗುಡ್ಡ ಹುಟ್ಟಿದಾಗ ಅಲ್ಲಿ ಬೇಸಾಯಗಾರರಿದ್ದರೆಂದು ಇದರಿಂದ ಸ್ಪಷ್ಟವಾಯಿತು. ತೆಳ್ಳಗೆ ಹರಡಿದ ಕಿಟ್ಟ ಮಣ್ಣಿನ ಪಸೆಯನ್ನು ಆರಗೊಡದೆ ಕಾಯುತ್ತದೆ. ಅಡಿಕೆಯ ಬುಡಕ್ಕೆ ನಾವು ತರಗೆಲೆ ಹೊದಿಸುವಂತೆಯೇ ಇದು. ಈ ಅನುಕೂಲ ಕಂಡು ಜನ ಹೊಸದಾಗಿ ಅಲ್ಲಿಗೆ ಬಂದು ನೆಲಸಿದರೆಂದು 1932ರಲ್ಲಿ ಕೋಲ್ಟನ್ ವಾದಿಸಿದರು. ಆ ಕಾಲದಲ್ಲಿ ಮಳೆಯೂ ಚೆನ್ನಾಗಿತ್ತು, ಬೂದಿಯೊಂದೇ ಕಾರಣವಲ್ಲ ಎಂದು ಅನಂತರದ ವಿದ್ವಾಂಸರು ತಿದ್ದಿದ್ದಾರೆ. ಮರದ ತೊಲೆಗಳ ವರ್ಷಬಳೆಗಳಿಂದ ಮೊದಲು ಕ್ರಿ.ಶ. 1064 ಎಂದು ಗೊತ್ತುಮಾಡಿದ್ದ ಗುಡ್ಡದ ಜನ್ಮಕಾಲವೂ ಈಗ 1085ರ ಸುಮಾರಿಗೆ ಸರಿದಿದೆ. ತಿದ್ದುಪಡಿಗೆ ಅವಕಾಶವಾದುದು ಗುಡ್ಡವೂ ಅದರ ಬೂದಿಯೂ ಉಳಿದುದರಿಂದಲೇ ಎಂಬುದನ್ನು ಮರೆಯಬಾರದು.

ಅಲ್ಲಿ ಅಗೆದು ತೆಗೆದ ಹಳೆಯ ವಸ್ತುಗಳು ಆ ತನಕ ದೂರದ ಪೂರ್ವದ ನಗರಗಳ ಸಂಗ್ರಹಾಲಯಗಳಿಗೆ ಸಾಗುತ್ತಿದ್ದವು. ಆ ನೆಲದ ವಸ್ತು ಆ ನೆಲದಲ್ಲೇ ಉಳಿಯಬೇಕೆಂದು 1928ರಲ್ಲಿ ಕೋಲ್ಟನ್ ದಂಪತಿಗಳು ಊರವರೊಂದಿಗೆ ಸೇರಿ ಉತ್ತರ ಅರಿಜೋನಾ ಸಂಗ್ರಹಾಲಯವನ್ನು ಕಟ್ಟಿದರು. 1958ರ ತನಕ ಕೋಲ್ಟನ್ ಅದರ ನಿರ್ದೇಶಕರು. ಹೋಪಿ ಜನರ ಕರಕುಶಲತೆ ನಶಿಸದಂತೆ 1930ರಿಂದ ಪ್ರದರ್ಶನಗಳನ್ನೂ ಅದು ಏರ್ಪಡಿಸಿತು. ತಮ್ಮದನ್ನು ತಮ್ಮಲ್ಲೇ ಉಳಿಸಿಕೊಳ್ಳುವ ಕಷ್ಟವನ್ನು ಗಡಿನಾಡಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೋಲ್ಟನ್ ಗುಡ್ಡದಿಂದ ಗುಡ್ಡಕ್ಕೆ ಅಲೆದು, ಪ್ರತಿಯೊಂದು ಜ್ವಾಲಾಮುಖಿಗೂ ಸಂಖ್ಯೆ ಕೊಟ್ಟು, ಸವೆದ ಪ್ರಮಾಣ ನೋಡಿ ಹಳತು ಹೊಸತೆಂದು ವಿಂಗಡಿಸಿದರು. ಈ ಲೆಕ್ಕದ ಪುಸ್ತಕ 1937ರಲ್ಲಿ ಹೊರಬಂತು. ಪರಿಷ್ಕೃತ ಮುದ್ರಣ ಬಂದುದು 1967ರಲ್ಲಿ, ಅವರ ಎಂಬತ್ತೈದು ದಾಟಿದ ವಯಸ್ಸಿನಲ್ಲಿ. ಅದೇ ವರ್ಷ ಸನ್‌ಸೆಟ್ ಕ್ರೇಟರ್ ಉಗುಳಿದ ಕಿಟ್ಟದ ಬಯಲಿನಲ್ಲಿ 47 ಕುಳಿಗಳನ್ನು ಸಿಡಿಸಿ, ಚಂದ್ರನ ಮೇಲ್ಮೈಯಂತೆ ಮಾಡಿ, ಗಗನಯಾತ್ರಿಗಳ ತರಬೇತಿಗೆ ನೆಲ ಸಿದ್ಧಪಡಿಸಲಾಯಿತು.

1970ರ ಡಿಸೆಂಬರಿನಲ್ಲಿ ಕೋಲ್ಟನ್ ಗತಿಸಿದರು. ಅವರ ಪಟ್ಟಿಯಲ್ಲಿ 160 ಎಂಬ ಸಂಖ್ಯೆ ಮಾತ್ರವಿದ್ದ ಕುಳಿಗೆ ಈಗ ಅವರದೇ ಹೆಸರಿದೆ. ಕಾಲ್ತುಳಿತದಿಂದ ಸವೆಯುತ್ತಿದ್ದ ಸನ್‌ಸೆಟ್ ಕ್ರೇಟರಿನ ನೆತ್ತಿಯ ದಾರಿಯನ್ನು 1973ರಲ್ಲಿ ಮುಚ್ಚಲಾಯಿತು. ಪಕ್ಕದ ಸಾನ್ ಫ್ರಾನ್ಸಿಸ್ಕೋ ಶಿಖರಗಳ ಮಗ್ಗುಲಲ್ಲಿ ಪ್ಯೂಮಿಸ್ ಎಂಬ ಹಗುರಗಲ್ಲನ್ನು, ಜೀನ್ಸ್ ಬಟ್ಟೆಯನ್ನು ಉಜ್ಜಿ ಮಾಸಲುಗೊಳಿಸುವುದಕ್ಕೆಂದು, ಅಗೆಯುತ್ತಿದ್ದರು. ಆ ಶಿಖರಗಳು ಹೋಪಿ, ನವಾಹೋ ಮೊದಲಾದ ಜನರಿಗೆ ಪವಿತ್ರ. ಅವರ ಪಟ್ಟಿನಿಂದ ಆ ಗಣಿ 2000ದಲ್ಲಿ ಮುಚ್ಚಿತು.

ಕಿಟ್ಟ ಅಗೆಯುವ ಕೆಲಸ ಆ ನಾಡಿನಲ್ಲಿ ನಿಂತಿಲ್ಲ, ರಸ್ತೆಗಳೂ ಬೇಕಲ್ಲವೇ! ಆದರೆ ಯಾವುದನ್ನು ಅಗೆಯಬಹುದು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಮೊದಲು ಯಾವ ಗುಡ್ಡ ಎಲ್ಲಿದೆ, ಅದರೊಳಗೇನಿದೆ ಎಂಬುದು ಊರಿಗೆ ಗೊತ್ತಿರಬೇಕು. ಆ ತಿಳಿವಳಿಕೆಯನ್ನು ಒದಗಿಸಿದವರೆಂದೇ ಡಾ. ಕೋಲ್ಟನ್ನರನ್ನು ನಾವು ನೆನೆಯುತ್ತೇವೆ.