ಕುಕ್ಕರ್ ವಿಶಲ್ ಹಿಂದಿನ ಮನುಷ್ಯ: ಒತ್ತಡಕ್ಕೆ ಲಗಾಮು ಹಾಕಿದ ಡೆನಿಸ್ ಪ್ಯಾಪಿನ್

ಕುಕ್ಕರ್ ವಿಶಲ್ ಹೊಡೀತು ಅಂದ್ರೆ ಒಳಗಿನ ಒತ್ತಡ ಮಿತಿ ಮುಟ್ಟಿತು, ಹೆಚ್ಚಾದದ್ದು ಹೊರಗೆ ಹೋಯ್ತು ಅಂತ ಅರ್ಥ. ಈ ಉಪಾಯವನ್ನು ಮೂರೂವರೆ ಶತಮಾನದ ಹಿಂದೆ ಕೊಟ್ಟವನು ಫ್ರಾನ್ಸಿನ ಡೆನಿಸ್ ಪ್ಯಾಪಿನ್. ವಿಜ್ಞಾನ ಮೇಳಕ್ಕೆ ಗಾಳಿ ಒತ್ತಡದ ರಾಕೆಟ್ ಮಾಡೋಕೆ ಹೊರಟ ಮಕ್ಕಳು, ಮೇಷ್ಟ್ರುಗಳು ಈತನ ಬದುಕು ತಿಳಿದಿರಬೇಕು.

1647ರಲ್ಲಿ ಬ್ಲ್ವಾ ಎಂಬ ಊರಲ್ಲಿ ಹುಟ್ಟಿದ ಪ್ಯಾಪಿನ್ ಓದಿದ್ದು ವೈದ್ಯಕೀಯ. ಆದ್ರೆ ಮನಸ್ಸೆಲ್ಲ ಯಂತ್ರಗಳ ಮೇಲೆ. ಪ್ಯಾರಿಸ್‌ನಲ್ಲಿ ವಿಜ್ಞಾನಿ ಹೈಗೆನ್ಸ್ ಜೊತೆ ಗಾಳಿ ಪಂಪಿನ ಪ್ರಯೋಗ ಮಾಡಿದ. 1675ರಲ್ಲಿ ಲಂಡನ್‌ಗೆ ಹೋಗಿ ರಾಬರ್ಟ್ ಬಾಯ್ಲ್ ಜೊತೆ ಸೇರಿದ.

1679ರಲ್ಲಿ ಅಲ್ಲಿನ ರಾಯಲ್ ಸೊಸೈಟಿಗೆ ಹೊಸ ಪಾತ್ರೆಯೊಂದನ್ನು ತೋರಿಸಿದ. ಗಟ್ಟಿ ಮುಚ್ಚಳ ಬಿಗಿದು ಕಾಯಿಸಿದರೆ ಮೂಳೆಯೂ ಮೆತ್ತಗಾಗುತ್ತಿತ್ತು. ಆದ್ರೆ ಹಬೆಗೆ ದಾರಿ ಇಲ್ಲದಿದ್ದರೆ ಪಾತ್ರೆಯೇ ಸಿಡಿಯುವ ಅಪಾಯ. ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತು, ತೂತಿಗೆ ಬಿರಡೆ, ಬಿರಡೆಯನ್ನು ಒತ್ತಿ ಹಿಡಿಯಲು ತೂಕ ತೂಗುಹಾಕಿದ ಸನ್ನೆಗೋಲು ಇಟ್ಟ. ಒತ್ತಡ ಹೆಚ್ಚಾದ್ರೆ ಬಿರಡೆ ತಾನಾಗೇ ಮೇಲೇಳುತ್ತೆ. ಇದೇ ಸೇಫ್ಟಿ ವಾಲ್ವ್. 1681ರಲ್ಲಿ ಇದನ್ನು ಪುಸ್ತಕವಾಗಿ ಬರೆದ.

1686ರಲ್ಲಿ ಅದೇ ಸೊಸೈಟಿಯ ಮುಂದೆ ಗಾಳಿಯಿಂದ ಗುಂಡು ಹಾರಿಸಿ ತೋರಿಸಿದ. ಇದರಲ್ಲಿ ಗಾಳಿ ತುಂಬಿಸೋದಿಲ್ಲ, ನಳಿಗೆಯೊಳಗಿನ ಗಾಳಿಯನ್ನೇ ಹೊರಗೆ ಎಳೆಯೋದು. ಹಿಂಬದಿ ತೆರೆದ ತಕ್ಷಣ ಹೊರಗಿನ ಗಾಳಿ ನುಗ್ಗಿ ಗುಂಡನ್ನು ತಳ್ಳುತ್ತೆ. ಇವತ್ತು ಭೌತಶಾಸ್ತ್ರ ತರಗತಿಗಳಲ್ಲಿ ಟೇಬಲ್ ಟೆನಿಸ್ ಚೆಂಡು ಹಾರಿಸಿ ತೋರಿಸೋದು ಇದೇ ತತ್ವ. ಚೆಂಡು ಹಗುರ ಅಂತ ಸದರ ಬೇಡ, ಅದರ ವೇಗ ಭಯಂಕರ.

ಗಾಳಿ ತುಂಬಿಸುವ ಮಾಡೆಲ್ ಆದ್ರೆ ಇನ್ನೂ ಹುಷಾರು. ಪಿವಿಸಿ ಪೈಪ್ ಮೇಲೆ ಬರೆದ ಒತ್ತಡದ ಅಂಕಿ ನೀರಿಗೆ, ಗಾಳಿಗಲ್ಲ. ನೀರು ಕುಗ್ಗಲ್ಲ, ಪೈಪ್ ಬಿರಿದರೆ ಒತ್ತಡ ಕೂಡಲೇ ಇಳಿಯುತ್ತೆ. ಒತ್ತಿಟ್ಟ ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಪೈಪನ್ನೇ ಚೂರು ಮಾಡಿ ಎರಚುತ್ತೆ. ಚಿಕ್ಕ ಮಕ್ಕಳಿಗೆ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಕಾಲಲ್ಲಿ ತುಳಿದು ಕಾಗದದ ರಾಕೆಟ್ ಹಾರಿಸೋದೇ ಸಾಕು, ಅದರಲ್ಲಿ ಗಾಳಿ ಕೂಡಿಟ್ಟಿರೋದಿಲ್ಲ. ಪಂಪ್ ಬಳಸಲೇಬೇಕಾದ್ರೆ ಗಾಳಿಗೆ ಅಂತಲೇ ತಯಾರಾದ ಟ್ಯಾಂಕ್, ಮೀಟರ್, ಸೇಫ್ಟಿ ವಾಲ್ವ್ ಇರಲಿ. ಕಣ್ಣಿಗೆ ಕನ್ನಡಕ ಹಾಕಿ, ದೂರದಿಂದ ದಾರ ಎಳೆದು ಬಿಡಿ. ನಳಿಗೆ ಮುಂದೆ ಯಾರೂ ನಿಲ್ಲಬಾರದು.

ಪ್ಯಾಪಿನ್ ಕಡೆಗಾಲ ಮಾತ್ರ ಕಷ್ಟದ್ದು. ಪ್ರಾಟೆಸ್ಟೆಂಟ್ ಆಗಿದ್ದರಿಂದ 1685ರ ನಂತರ ತಾಯ್ನಾಡಿನ ಬಾಗಿಲು ಮುಚ್ಚಿತು. ಜರ್ಮನಿಯ ಮಾರ್ಬರ್ಗ್‌ನಲ್ಲಿ ಪ್ರೊಫೆಸರ್ ಆದ. 1690ರಲ್ಲಿ ಹಬೆಯಿಂದ ಪಿಸ್ಟನ್ ನಡೆಸುವ ವಿಚಾರ ಪ್ರಕಟಿಸಿದ. 1707ರಲ್ಲಿ ತಾನೇ ಕಟ್ಟಿಸಿದ ಚಕ್ರದ ದೋಣಿಯಲ್ಲಿ ಸಂಸಾರ ಸಮೇತ ಹೊರಟಾಗ, ನದಿ ಸಂಚಾರದ ಹಕ್ಕು ತಮ್ಮದೆಂದು ಮ್ಯೂಂಡನ್ ಊರಿನ ದೋಣಿಗಾರರು ಅದನ್ನು ಒಡೆದು ಹಾಕಿದರು. ಲಂಡನ್‌ಗೆ ವಾಪಸ್ ಬಂದರೆ ಕೈ ಹಿಡಿಯುವವರು ಕಡಿಮೆ. 1713ರ ಸುಮಾರಿಗೆ ಬಡತನದಲ್ಲೇ ತೀರಿಕೊಂಡ.

ದೋಣಿ ಹೋಯ್ತು, ವಾಲ್ವ್ ಉಳಿಯಿತು. ಮುಂದೆ ಬಂದ ಹಬೆ ಬಾಯ್ಲರ್‌ಗಳಿಗೆಲ್ಲ ಅದೇ ರಕ್ಷಣೆ ಆಯ್ತು. ನಿಮ್ಮ ಶಾಲೆಯ ಮಾಡೆಲ್‌ನಲ್ಲೂ ಮೊದಲು ಜೋಡಿಸಬೇಕಾದ ಭಾಗ ಅದೇ.