ಸಾದಿ ಕಾರ್ನೋ: ಒಂದೇ ಪುಸ್ತಕ, ನಾಲ್ಕು ಪ್ರೊಸೆಸ್

ಥರ್ಮೋಡೈನಾಮಿಕ್ಸ್ ಪರೀಕ್ಷೆಗೆ ಕೂತವರೆಲ್ಲ ಕಾರ್ನಾಟ್ ಸೈಕಲ್ ಬರೆದೇ ಇರ್ತೀವಿ. ಎರಡು ಐಸೋಥರ್ಮಲ್, ಎರಡು ಅಡಿಯಾಬ್ಯಾಟಿಕ್, ಒಂದು ಪಿ-ವಿ ಡಯಾಗ್ರಾಂ, ಕೊನೆಗೆ ಎಫಿಶಿಯೆನ್ಸಿ ಫಾರ್ಮುಲಾ. ಆದರೆ ಆ ಹೆಸರಿನವನು ಮೂವತ್ತಾರಕ್ಕೇ ತೀರಿಕೊಂಡ, ಬದುಕಿದ್ದಾಗ ಅವನ ಪುಸ್ತಕವನ್ನು ಹೆಚ್ಚುಕಡಿಮೆ ಯಾರೂ ಗಮನಿಸಲಿಲ್ಲ ಅನ್ನೋದು ನಮ್ಮ ನೋಟ್ಸಲ್ಲಿ ಇರಲ್ಲ. ಅಂದಹಾಗೆ, ನಾವು ಕಾರ್ನಾಟ್ ಅಂದರೂ ಫ್ರೆಂಚರ ಬಾಯಲ್ಲಿ ಅವನು ಕಾರ್ನೋ.

ಸಾದಿ ಕಾರ್ನೋ ಹುಟ್ಟಿದ್ದು 1796ರ ಜೂನ್ 1ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಲಾಜಾರ್ ಕಾರ್ನೋ ಸಣ್ಣ ಆಸಾಮಿಯಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸೈನ್ಯ ಸಂಘಟಿಸಿದವರು, ಯಂತ್ರಗಳ ಬಗ್ಗೆ ಪುಸ್ತಕ ಬರೆದ ಗಣಿತಜ್ಞ. ಪರ್ಷಿಯಾದ ಕವಿ ಸಾದಿಯ ಮೇಲಿನ ಅಭಿಮಾನಕ್ಕೆ ಮಗನಿಗೆ ಆ ಹೆಸರಿಟ್ಟರು. ಹುಡುಗ 1812ರಲ್ಲಿ, ಹದಿನಾರನೇ ವಯಸ್ಸಿಗೇ, ಎಕೋಲ್ ಪಾಲಿಟೆಕ್ನಿಕ್ ಸೇರಿದ. 1814ರಲ್ಲಿ ಶತ್ರು ಸೈನ್ಯ ಪ್ಯಾರಿಸ್‌ವರೆಗೂ ಬಂದಾಗ ಸಹಪಾಠಿಗಳ ಜೊತೆ ವಿನ್ಸೆನ್‌ನಲ್ಲಿ ಹೋರಾಡಿದ. ಮರುವರ್ಷ ನೆಪೋಲಿಯನ್ ವಾಟರ್ಲೂನಲ್ಲಿ ಸೋತ; ಮಂತ್ರಿಯಾಗಿದ್ದ ಅಪ್ಪ ದೇಶ ಬಿಡಬೇಕಾಯಿತು. ಆ ಮನೆತನದ ಹೆಸರಿಗೆ ಹೊಸ ಸರ್ಕಾರದಲ್ಲಿ ಬೆಲೆ ಇರಲಿಲ್ಲ. ಮಿಲಿಟರಿ ಎಂಜಿನಿಯರ್ ಆದ ಸಾದಿಗೆ ಸಿಕ್ಕಿದ್ದು ಕೋಟೆಗಳ ನಕ್ಷೆ ಬರೆಯೋ ಕೆಲಸ, ಊರಿಂದೂರಿಗೆ ವರ್ಗ. 1819ರ ಹೊತ್ತಿಗೆ ಅರ್ಧ ಸಂಬಳದ ರಜೆ ಹಾಕಿ ಪ್ಯಾರಿಸ್‌ಗೆ ಬಂದು ಓದೋಕೆ ಕೂತ.

1821ರಲ್ಲಿ ಜರ್ಮನಿಯ ಮಾಗ್ಡೆಬರ್ಗ್‌ಗೆ ಹೋಗಿ ಅಪ್ಪನನ್ನೂ ತಮ್ಮ ಇಪ್ಪೊಲಿಟ್‌ನನ್ನೂ ನೋಡಿಕೊಂಡು ಬಂದ. ಅಲ್ಲಿಂದ ವಾಪಸ್ ಬಂದವನ ತಲೆಯಲ್ಲಿ ತುಂಬಿದ್ದು ಸ್ಟೀಮ್ ಎಂಜಿನ್. ಇಂಗ್ಲೆಂಡ್ ಆ ಎಂಜಿನ್ನಿನ ಬಲದಿಂದಲೇ ಮುಂದೆ ಹೋಗಿತ್ತು. ಎಲ್ಲರೂ ಹಬೆಯ ಪ್ರೆಶರ್ ಹೆಚ್ಚಿಸೋಣವಾ, ನೀರಿನ ಬದಲು ಆಲ್ಕೋಹಾಲ್ ಹಾಕೋಣವಾ, ಗಾಳಿಯೇ ಸಾಕಾ ಅಂತ ಯೋಚಿಸುತ್ತಿದ್ದರು. ಕಾರ್ನೋ ಕೇಳಿಕೊಂಡಿದ್ದು ಬೇರೆ: ಯಾವ ದ್ರವ್ಯ ಹಾಕಿದರೂ, ಎಷ್ಟೇ ಚೆನ್ನಾಗಿ ಕಟ್ಟಿದರೂ, ಶಾಖದಿಂದ ಪಡೆಯಬಹುದಾದ ಕೆಲಸಕ್ಕೆ ಒಂದು ಮೇಲ್ಮಿತಿ ಇದೆಯಾ?

ಉತ್ತರ ಹುಡುಕೋಕೆ ಅವನು ಎಂಜಿನ್ನಿನ ಭಾಗಗಳನ್ನೆಲ್ಲ ಪಕ್ಕಕ್ಕಿಟ್ಟು, ಒಳಗೆ ನಡೆಯೋ ಪ್ರೊಸೆಸ್ ಮಾತ್ರ ನೋಡಿದ. ಪ್ರೆಶರ್, ವಾಲ್ಯೂಮ್, ಟೆಂಪರೇಚರ್ ಹೇಳಿಬಿಟ್ಟರೆ ಗ್ಯಾಸಿನ ಸ್ಥಿತಿ ಗೊತ್ತಾಯಿತು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗೋ ದಾರಿಯೇ ಪ್ರೊಸೆಸ್. ಹೊರಡೋ ಊರು, ಸೇರೋ ಊರು ಒಂದೇ ಆದರೂ ದಾರಿ ಬೇರೆಯಾದರೆ ಸಿಗೋ ಕೆಲಸವೂ ಬೇರೆ.

ಅವನ ಮುಖ್ಯ ಒಳನೋಟ ಇದು: ಬಿಸಿ ವಸ್ತು ತಣ್ಣನೆಯದನ್ನು ನೇರವಾಗಿ ಮುಟ್ಟಿ ಶಾಖ ಹರಿದರೆ, ಅದರಿಂದ ಪಡೆಯಬಹುದಿದ್ದ ಕೆಲಸ ಶುದ್ಧ ನಷ್ಟ. ಎತ್ತರದ ನೀರು ಚಕ್ರಕ್ಕೆ ಬೀಳದೆ ಪಕ್ಕದಲ್ಲಿ ಹರಿದುಹೋದ ಹಾಗೆ. ಹಾಗಾಗಿ ಕುಲುಮೆಯಿಂದ ಶಾಖ ತಗೊಳ್ಳುವಾಗ ಗ್ಯಾಸ್ ಕುಲುಮೆಯಷ್ಟೇ ಬಿಸಿಯಾಗಿರಬೇಕು. ಇದು ಐಸೋಥರ್ಮಲ್ ಹಿಗ್ಗುವಿಕೆ. ತಂಪು ಕಡೆಗೆ ಶಾಖ ಬಿಡುವಾಗ ಅಷ್ಟೇ ತಣ್ಣಗಿರಬೇಕು. ಇದು ಐಸೋಥರ್ಮಲ್ ಕುಗ್ಗುವಿಕೆ. ಇವೆರಡರ ನಡುವೆ ಟೆಂಪರೇಚರ್ ಇಳಿಸೋದು, ಏರಿಸೋದು ಹೇಗೆ? ಶಾಖ ಒಳಹೊರಗೆ ಹೋಗದಂತೆ ಮುಚ್ಚಿ, ಗ್ಯಾಸನ್ನು ಹಿಗ್ಗಿಸಿದರೆ ತಾನೇ ತಣ್ಣಗಾಗುತ್ತೆ, ಒತ್ತಿದರೆ ಬಿಸಿಯಾಗುತ್ತೆ. ನಾವು ಅಡಿಯಾಬ್ಯಾಟಿಕ್ ಅನ್ನೋದು ಇದನ್ನೇ. ನಾಲ್ಕು ಪ್ರೊಸೆಸ್ ಯಾಕೆ ಅನ್ನೋದಕ್ಕೆ ಇಷ್ಟೇ ಕಾರಣ, ಉರು ಹೊಡೆಯೋದೇನೂ ಇಲ್ಲ.

ಇಂಥ ಎಂಜಿನ್ನನ್ನು ಹಿಂದುಮುಂದಾಗಿಯೂ ಓಡಿಸಬಹುದು, ಅಂದರೆ ಅದು ರಿವರ್ಸಿಬಲ್. ಇದಕ್ಕಿಂತ ಒಳ್ಳೆ ಎಂಜಿನ್ ಇದ್ದರೆ, ಅದರಿಂದ ಇದನ್ನು ತಿರುಗಾಮುರುಗಾ ಓಡಿಸಿ ಪುಕ್ಕಟೆ ಕೆಲಸ ಪಡೆಯಬಹುದಿತ್ತು. ಅದು ಆಗದ ಮಾತು. ಆದ್ದರಿಂದ ಮಿತಿ ನಿರ್ಧಾರವಾಗೋದು ಎರಡು ಟೆಂಪರೇಚರ್‌ಗಳಿಂದ ಮಾತ್ರ. ಈಗಿನ ಲೆಕ್ಕದಲ್ಲಿ 800 ಕೆಲ್ವಿನ್ ಮತ್ತು 300 ಕೆಲ್ವಿನ್ ನಡುವೆ ಶೇ 62.5ಕ್ಕಿಂತ ಹೆಚ್ಚು ಯಾರಪ್ಪನಿಗೂ ಸಿಗಲ್ಲ. ನಿಜವಾದ ಎಂಜಿನ್‌ಗಳು ಅದರ ಕೆಳಗೇ ನಿಲ್ಲುತ್ತವೆ. ಘರ್ಷಣೆ, ಶಾಖದ ಸೋರಿಕೆ, ಅವಸರ ಎಲ್ಲ ಸೇರಿ ಅಲ್ಲಿಯ ಪ್ರೊಸೆಸ್ಸನ್ನು ಇರ್‌ರಿವರ್ಸಿಬಲ್ ಮಾಡುತ್ತವೆ. ಪೂರ್ತಿ ರಿವರ್ಸಿಬಲ್ ಬೇಕಂದರೆ ಅನಂತ ನಿಧಾನವಾಗಿ ಓಡಿಸಬೇಕು, ಆಗ ಪವರ್ ಸೊನ್ನೆ. ಅದಕ್ಕೇ ಪೆಟ್ರೋಲ್ ಎಂಜಿನ್ನಿನ ಓಟೋ ಸೈಕಲ್‌ನಲ್ಲಿ ಶಾಖ ಸೇರೋದು ಸ್ಥಿರ ವಾಲ್ಯೂಮ್‌ನಲ್ಲಿ, ಡೀಸೆಲ್ ಸೈಕಲ್‌ನಲ್ಲಿ ಸ್ಥಿರ ಪ್ರೆಶರ್‌ನಲ್ಲಿ. ಕಾರ್ನೋನ ಮಿತಿ ಮಾತ್ರ ಅವಕ್ಕೂ ಅಳತೆಗೋಲು.

ಇದನ್ನೆಲ್ಲ ಅವನು 1824ರಲ್ಲಿ, ಬೆಂಕಿಯ ಚಾಲಕ ಶಕ್ತಿಯ ಬಗ್ಗೆ ಬರೆದ 118 ಪುಟಗಳ ಪುಸ್ತಕದಲ್ಲಿ ಹೇಳಿದ. ವಯಸ್ಸು 28. ಅಚ್ಚಾಗಿದ್ದು 600 ಪ್ರತಿ. ವಿಜ್ಞಾನಿಗಳೂ ಎಂಜಿನ್ ಕಟ್ಟೋರೂ ಅದನ್ನು ಹಾಗೇ ಬಿಟ್ಟರು. ಅದರಲ್ಲೊಂದು ದೋಷವೂ ಇತ್ತು: ಶಾಖ ಅನ್ನೋದು ಕ್ಯಾಲೊರಿಕ್ ಎಂಬ ನಾಶವಾಗದ ದ್ರವ, ಎಂಜಿನ್ನಿನಲ್ಲಿ ಅದು ಖರ್ಚಾಗಲ್ಲ, ಬರೀ ಮೇಲಿಂದ ಕೆಳಗೆ ಇಳಿಯುತ್ತೆ ಅನ್ನೋ ಆಗಿನ ನಂಬಿಕೆಯ ಮೇಲೇ ವಾದ ಕಟ್ಟಿದ್ದ.

1832ರ ಬೇಸಿಗೆಯಲ್ಲಿ ಜ್ವರ ಬಂದು, ಮನಸ್ಸಿನ ಸ್ಥಿಮಿತ ತಪ್ಪಿ, ಕೊನೆಗೆ ಆಗಸ್ಟ್ 24ರಂದು ಕಾಲರಾದಿಂದ ತೀರಿಕೊಂಡ. ಸೋಂಕಿನ ಭಯಕ್ಕೆ ಅವನ ವಸ್ತುಗಳ ಜೊತೆ ಬಹಳಷ್ಟು ಕಾಗದಪತ್ರವೂ ನಾಶವಾಯಿತು.

ಪುಸ್ತಕ ಉಳಿದಿದ್ದು ಕ್ಲಪೇರೋನ್ ಎಂಬ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್‌ನಿಂದ. 1834ರಲ್ಲಿ ಅವನು ಕಾರ್ನೋನ ಮಾತನ್ನು ಗಣಿತಕ್ಕಿಳಿಸಿ, ನಾವೀಗ ಬರೆಯೋ ಪಿ-ವಿ ಡಯಾಗ್ರಾಂ ಹಾಕಿದ. ಅದನ್ನೋದಿದ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, 1845ರಲ್ಲಿ ಮೂಲ ಪುಸ್ತಕಕ್ಕಾಗಿ ಪ್ಯಾರಿಸ್ ಅಂಗಡಿಗಳನ್ನೆಲ್ಲ ತಿರುಗಿದರೂ ಸಿಗಲಿಲ್ಲ. 1848ರಲ್ಲಿ ಕಾರ್ನೋನ ತತ್ವದ ಮೇಲೇ ಆಬ್ಸಲ್ಯೂಟ್ ಟೆಂಪರೇಚರ್ ಸ್ಕೇಲ್ ಕಟ್ಟಿದ. 1850ರಲ್ಲಿ ಕ್ಲೌಸಿಯಸ್ ಕ್ಯಾಲೊರಿಕ್ ತೆಗೆದುಹಾಕಿ, ಕಾರ್ನೋನ ತೀರ್ಮಾನ ಉಳಿಸಿಕೊಂಡ. ಎರಡನೇ ನಿಯಮ ಬಂದಿದ್ದು ಹೀಗೆ.

ಅಳಿದುಳಿದ ಕೆಲವು ಟಿಪ್ಪಣಿಗಳನ್ನು ತಮ್ಮ ಇಪ್ಪೊಲಿಟ್ 1878ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಸಾದಿ ಆಗಲೇ ಕ್ಯಾಲೊರಿಕ್ ಕೈಬಿಟ್ಟು, ಶಾಖ ಅಂದರೆ ಕಣಗಳ ಚಲನೆ ಅನ್ನೋ ಕಡೆಗೆ ಬಂದಿದ್ದ. ಒಂದು ಯೂನಿಟ್ ಶಾಖಕ್ಕೆ ಎಷ್ಟು ಕೆಲಸ ಸಮ ಅನ್ನೋದಕ್ಕೂ ಅಂದಾಜು ಹಾಕಿದ್ದ. ಜೂಲ್ ತನ್ನ ಪ್ರಯೋಗ ಶುರುಮಾಡಿದ್ದು ಕಾರ್ನೋ ಸತ್ತು ಹತ್ತು ವರ್ಷದ ಆಚೀಚೆ. ತನ್ನ ಪುಸ್ತಕದ ತಪ್ಪನ್ನು ಬೇರೆಯವರಿಗಿಂತ ಮುಂಚೆ ಲೇಖಕನೇ ತಿದ್ದಿಕೊಂಡಿದ್ದ. ಅದು ಅಚ್ಚಾಗೋಕೆ ಮಾತ್ರ 46 ವರ್ಷ ಹಿಡಿಯಿತು.