ಕೈತೊಳೆಯಲು ಕಲಿಸಿದ ವೈದ್ಯ ಸೆಮ್ಮೆಲ್‌ವೈಸ್

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಸೋಂಕು ತಗಲಿದೆಯೆಂಬ ಸಂಶಯವಿದ್ದರೆ, ವರದಿಗೆ ಕಾಯದೆ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇಡುವುದುಂಟು. ರೋಗಿಗಳ ಭೇಟಿಗೆ ಹೋಗುವ ನಮಗೂ ಅಲ್ಲಿ ಗೌನು, ಗ್ಲೌಸು ತೊಡಿಸುತ್ತಾರೆ. ಕೆಲವರಿಗೆ ಅದು ಬೇಸರ. ಈ ಕಟ್ಟುನಿಟ್ಟನ್ನು ಬಹು ಹಿಂದೆಯೇ ಬಯಸಿದವರು ಡಾ. ಇಗ್ನಾಜ್ ಸೆಮ್ಮೆಲ್‌ವೈಸ್.

1818ರ ಜುಲೈ 1ರಂದು ಹಂಗೇರಿಯ ಬುಡಾದಲ್ಲಿ ಜನಿಸಿದ ಅವರು 1846ರಲ್ಲಿ ವಿಯೆನ್ನಾ ಜನರಲ್ ಆಸ್ಪತ್ರೆಯ ಹೆರಿಗೆ ವಿಭಾಗ ಸೇರಿದರು. ಅಲ್ಲಿ ಬಾಣಂತಿ ಜ್ವರಕ್ಕೆ ಶವಪರೀಕ್ಷೆ ಮಾಡಿ ಬಂದ ವೈದ್ಯರ ಕೈಗಳೇ ಕಾರಣವೆಂದು ಅರಿತು, 1847ರ ಮೇ ತಿಂಗಳಲ್ಲಿ ಕ್ಲೋರಿನ್ ನೀರಿನಲ್ಲಿ ಕೈತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು.

ಅಕ್ಟೋಬರ್‌ನಲ್ಲಿ ಮತ್ತೆ ಆಘಾತ. ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಒಬ್ಬಾಕೆಯನ್ನು ಪರೀಕ್ಷಿಸಿದವರು ಬರೀ ಸಾಬೂನಿನಲ್ಲಿ ಕೈತೊಳೆದು ಮುಂದಿನ ಮಂಚಗಳಿಗೆ ಹೋಗಿದ್ದರು. ಆಗ ಹೆರಿಗೆಯಾಗುತ್ತಿದ್ದ 12 ಮಂದಿಯಲ್ಲಿ 11 ಮಂದಿ ತೀರಿಹೋದರು. ಅಂದಿನಿಂದ ಒಬ್ಬೊಬ್ಬ ರೋಗಿಯನ್ನು ಮುಟ್ಟಿದ ಮೇಲೂ ಕ್ಲೋರಿನ್ ನೀರು. ನವೆಂಬರ್‌ನಲ್ಲಿ ಮೊಣಕಾಲಿನಿಂದ ಕೀವು ಸೋರುತ್ತಿದ್ದವಳಿದ್ದ ವಾರ್ಡಿನಲ್ಲೂ ಸಾವುಗಳಾದಾಗ, ಅಂಥವರನ್ನು ಬೇರೆಯೇ ಇಡಬೇಕೆಂದರು.

ಹಿರಿಯ ವೈದ್ಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ತಮ್ಮ ಕೈಯೇ ಸಾವು ತಂದಿತೆಂದರೆ ಯಾರು ತಾನೇ ಸಹಿಸಿಯಾರು? 1865ರಲ್ಲಿ ವಿಯೆನ್ನಾದ ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟ ಅವರು ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದ ನಂಜೇರಿ ತೀರಿಕೊಂಡರು. ಆಗ ಅವರಿಗೆ 47 ವರ್ಷ.